ಮೇರಿ ಸೂ: ತಿದ್ದುವ ಮಾತು, ತಡೆಯುವ ಮಾತು



ಕಣ್ಣಿಗೆ ತನಗೆ ಹಚ್ಚಿದ ಕಾಡಿಗೆ ಕಾಣದು. ಹಾಗೆಯೇ ಬರೆದವನಿಗೆ ತನ್ನ ಬರೆಹದ ದೋಷವೂ ಕಾಣದು. ಈ ಅರ್ಥದ ಮಾತೊಂದು 9ನೆಯ ಶತಮಾನದ ನಮ್ಮ ‘ಕವಿರಾಜಮಾರ್ಗ’ದಲ್ಲಿದೆ. ಆದ್ದರಿಂದ ಬರೆಯುವವರಿಗೆ ಇನ್ನೊಬ್ಬರ ಕಣ್ಣು ಬೇಕೇ ಬೇಕು. ಆದರೆ ಆ ಇನ್ನೊಬ್ಬರು ದೋಷವನ್ನು ಹೇಗೆ ತೋರಿಸಬೇಕು? ಪ್ರೌಢಶಾಲೆಯಲ್ಲಿ ಮಕ್ಕಳ ಪ್ರಬಂಧಗಳನ್ನು ಕೆಂಪು ಶಾಯಿಯಿಂದ ತಿದ್ದುತ್ತಲೇ ನಿವೃತ್ತನಾದ ನನ್ನಂಥವನಿಗೆ ಇದು ಸಣ್ಣ ಪ್ರಶ್ನೆಯಲ್ಲ. ಇದಕ್ಕೆ ಉತ್ತರ ಹುಡುಕುತ್ತಾ ಹೋದಾಗ, ಅಮೆರಿಕದ ಹವ್ಯಾಸಿ ಕಥೆಗಾರ್ತಿಯರ ಇತಿಹಾಸವೊಂದು ನನ್ನ ಗಮನ ಸೆಳೆಯಿತು. ಅದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ.

ಪ್ರಸಿದ್ಧ ಕಾದಂಬರಿಯೊಂದರ ಅಥವಾ ದೂರದರ್ಶನ ಧಾರಾವಾಹಿಯೊಂದರ ಪಾತ್ರಗಳನ್ನು ಎತ್ತಿಕೊಂಡು, ಅಭಿಮಾನಿಗಳು ತಮ್ಮ ಸಂತೋಷಕ್ಕಾಗಿ ಹೊಸ ಕಥೆಗಳನ್ನು ಹೆಣೆಯುವುದಕ್ಕೆ ‘ಫ್ಯಾನ್ ಫಿಕ್ಷನ್’ ಎಂದು ಹೆಸರು. ನಾವು ಇದನ್ನು ಅಭಿಮಾನಿ ಕಥೆ ಎಂದು ಕರೆಯಬಹುದು. ಇಲ್ಲಿ ಸಂಭಾವನೆಯಿಲ್ಲ, ಪ್ರಶಸ್ತಿಯ ಆಸೆಯೂ ಬಹುಮಟ್ಟಿಗೆ ಇಲ್ಲ. ಲೇಖಕಿಗೆ ದೊರೆಯುವ ಫಲವೆಂದರೆ ಓದುಗರ ಮಾತೊಂದೇ. ಆದ್ದರಿಂದಲೇ ಆ ಮಾತಿಗೆ ಇಲ್ಲಿ ಅಷ್ಟು ತೂಕ.

ಇದರ ಬೇರು ವೈಜ್ಞಾನಿಕ ಕಥೆಗಳ ಪತ್ರಿಕೆಗಳಲ್ಲಿದೆ. 1926ರಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬವರು ‘ಅಮೇಜಿಂಗ್ ಸ್ಟೋರೀಸ್’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಅದರಲ್ಲಿ ಓದುಗರ ಪತ್ರಗಳನ್ನು ಅವರ ವಿಳಾಸದೊಂದಿಗೆ ಅಚ್ಚು ಮಾಡುತ್ತಿದ್ದರು. ವಿಳಾಸ ಸಿಕ್ಕಿದ ಮೇಲೆ ಓದುಗರು ಪರಸ್ಪರ ಪತ್ರ ಬರೆದುಕೊಂಡರು, ಸಂಘಗಳನ್ನು ಕಟ್ಟಿದರು, 1930ರ ಹೊತ್ತಿಗೆ ತಮ್ಮದೇ ಪುಟ್ಟ ಪತ್ರಿಕೆಗಳನ್ನು ಹೊರಡಿಸತೊಡಗಿದರು. ಇಂಥ ಪತ್ರಿಕೆಗಳಿಗೆ ಮುಂದೆ ‘ಫ್ಯಾನ್‌ಜೀನ್’ ಎಂಬ ಹೆಸರು ಬಂದಿತು. ಸಂಚಿಕೆಯನ್ನು ಓದಿ ದೀರ್ಘ ಪತ್ರದಲ್ಲಿ ಗುಣದೋಷಗಳನ್ನು ಬರೆದು ಕಳುಹಿಸುವುದು ಅಲ್ಲಿಯ ಸಂಪ್ರದಾಯವಾಯಿತು. ಹಾಗೆ ಪತ್ರ ಬರೆದವರಿಗೆ ಮುಂದಿನ ಸಂಚಿಕೆಯನ್ನು ಉಚಿತವಾಗಿ ಕಳುಹಿಸಿಕೊಡುವ ಪತ್ರಿಕೆಗಳೂ ಇದ್ದವು. ವಿಮರ್ಶೆಯನ್ನು ಚಂದಾಹಣದ ಸಮಕ್ಕೆ ಇಟ್ಟ ವ್ಯವಸ್ಥೆ ಅದು!

1966ರ ಸೆಪ್ಟೆಂಬರಿನಲ್ಲಿ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಪ್ರಸಾರ ಆರಂಭವಾಯಿತು. ಮರುವರ್ಷವೇ, ಅಂದರೆ 1967ರಲ್ಲಿ, ಡೆವ್ರಾ ಲ್ಯಾಂಗ್ಸಮ್ ಮತ್ತು ಶೆರ್ನಾ ಕಾಮರ್‌ಫೋರ್ಡ್ ಎಂಬಿಬ್ಬರು ಮಹಿಳೆಯರು ‘ಸ್ಪಾಕನೇಲಿಯಾ’ ಎಂಬ ಪತ್ರಿಕೆಯನ್ನು ಹೊರತಂದರು. ಸಂಪೂರ್ಣವಾಗಿ ಸ್ಟಾರ್ ಟ್ರೆಕ್‌ಗೆ ಮೀಸಲಾದ ಮೊದಲ ಅಭಿಮಾನಿ ಪತ್ರಿಕೆ ಅದು. ನಮ್ಮ ಶಾಲೆಗಳಲ್ಲಿ ಪ್ರಶ್ನೆಪತ್ರಿಕೆಗಳನ್ನು ತೆಗೆಯುತ್ತಿದ್ದ ಸೈಕ್ಲೋಸ್ಟೈಲ್ ಯಂತ್ರವನ್ನು ನೆನಪಿಸಿಕೊಳ್ಳಿ. ಈ ಪತ್ರಿಕೆಗಳು ಬಹುಪಾಲು ಅದೇ ಜಾತಿಯ ಯಂತ್ರದಿಂದ ಹೊರಬಂದವು. ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಒಮ್ಮೆ ಬೆರಳಚ್ಚು ಮಾಡಿದರೆ ತಿದ್ದುವುದು ಎಂಥ ಫಜೀತಿಯೆಂಬುದು ಅದನ್ನು ಬಳಸಿದವರಿಗೆ ಗೊತ್ತು. ಹೀಗಾಗಿ ತಿದ್ದುವ ಕೆಲಸವೆಲ್ಲ ಮೊದಲೇ ಆಗಬೇಕಿತ್ತು. ಲೇಖಕಿ ಅಂಚೆಯಲ್ಲಿ ಹಸ್ತಪ್ರತಿ ಕಳುಹಿಸುವಳು. ಸಂಪಾದಕಿ ಓದಿ, ಗುರುತು ಹಾಕಿ, ಸಲಹೆ ಬರೆದು ಹಿಂತಿರುಗಿಸುವಳು. ಇಬ್ಬರೂ ಹವ್ಯಾಸಿಗಳು, ಇಬ್ಬರೂ ಒಂದೇ ಕಥಾಲೋಕವನ್ನು ಪ್ರೀತಿಸುವವರು. ಈ ಸಮಾನತೆಯೇ ಆ ವಿಮರ್ಶೆಯ ಬಲವಾಗಿತ್ತು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಮಿಶಿಗನ್ ರಾಜ್ಯದ ಕಲಮಜೂ ಎಂಬ ಊರಿನಿಂದ ಪೌಲಾ ಸ್ಮಿತ್ ಮತ್ತು ಶರನ್ ಫೆರಾರೋ ಎಂಬ ಗೆಳತಿಯರು ‘ಮೆನಾಜರಿ’ ಎಂಬ ಅಭಿಮಾನಿ ಪತ್ರಿಕೆಯನ್ನು ನಡೆಸುತ್ತಿದ್ದರು. ಆ ಕಾಲದ ಅನೇಕ ಕಥೆಗಳಲ್ಲಿ ಒಂದೇ ಬಗೆಯ ನಾಯಕಿ ಮತ್ತೆ ಮತ್ತೆ ಬರುತ್ತಿದ್ದುದು ಸ್ಮಿತ್ ಅವರ ಕಣ್ಣಿಗೆ ಬಿದ್ದಿತ್ತು. 1973ರಲ್ಲಿ ತಮ್ಮ ಪತ್ರಿಕೆಯ ಎರಡನೆಯ ಸಂಚಿಕೆಯಲ್ಲಿ ಅವರು ಒಂದು ಪುಟ್ಟ ವಿಡಂಬನೆ ಬರೆದರು. ಅದರ ನಾಯಕಿ ಮೇರಿ ಸೂ. ವಯಸ್ಸು ಹದಿನೈದೂವರೆ, ಆಗಲೇ ನೌಕಾಪಡೆಯ ಅತ್ಯಂತ ಕಿರಿಯ ಲೆಫ್ಟಿನೆಂಟ್! ಕ್ಯಾಪ್ಟನ್ ಕರ್ಕ್ ನೋಡಿದೊಡನೆ ಅವಳಲ್ಲಿ ಅನುರಕ್ತನಾಗುತ್ತಾನೆ. ತರ್ಕಮೂರ್ತಿಯಾದ ಸ್ಪಾಕ್ ಅವಳ ತರ್ಕಕ್ಕೆ ತಲೆದೂಗುತ್ತಾನೆ. ಎಲ್ಲರೂ ಕಾಯಿಲೆ ಬಿದ್ದಾಗ ಒಬ್ಬಳೇ ಆಕಾಶನೌಕೆಯನ್ನು ನಡೆಸಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆಯುತ್ತಾಳೆ. ಕೊನೆಗೆ ಎಲ್ಲರೂ ಕಣ್ಣೀರಿಡುತ್ತಿರಲು ಪ್ರಾಣ ಬಿಡುತ್ತಾಳೆ. ಅವಳ ಜನ್ಮದಿನ ನೌಕೆಯಲ್ಲಿ ರಜಾದಿನವಾಗುತ್ತದೆ.

ಹತ್ತೇ ಪ್ಯಾರಾಗಳ ಈ ಬರೆಹವನ್ನು ಒಳ್ಳೆಯ ವಿಮರ್ಶೆಯೆಂದೇ ಹೇಳಬೇಕು. ಯಾವ ಲೇಖಕಿಯ ಹೆಸರನ್ನೂ ಎತ್ತದೆ, ಇಡೀ ಸಮುದಾಯಕ್ಕೆ ಕನ್ನಡಿ ಹಿಡಿದು ನಗಿಸಿತು. ಕೊರತೆಯೇ ಇಲ್ಲದ ಪಾತ್ರಕ್ಕೆ ಕಥೆಯೂ ಇರುವುದಿಲ್ಲ ಎಂಬ ತತ್ತ್ವವನ್ನು ಪಾಠ ಮಾಡದೆಯೇ ಮನಗಾಣಿಸಿತು.

ಆದರೆ ಮುಂದೆ ಆದದ್ದೇನು? ‘ಮೇರಿ ಸೂ’ ಎಂಬುದು ಮೊದಲು ಒಂದು ಪಾತ್ರದ ಹೆಸರಾಗಿತ್ತು; ನಂತರ ಒಂದು ದೋಷದ ಹೆಸರಾಯಿತು; ಕೊನೆಗೆ ಬೈಗುಳವಾಯಿತು. ಕಥೆಯಲ್ಲಿ ಹೊಸ ಹೆಣ್ಣುಪಾತ್ರವೊಂದು ಕಾಣಿಸಿಕೊಂಡರೆ ಸಾಕು, ಅದು ಧೈರ್ಯಶಾಲಿಯೋ ಬುದ್ಧಿವಂತೆಯೋ ಆಗಿದ್ದರಂತೂ ಸರಿಯೇ, ಓದುಗರು ಆ ಹೆಸರನ್ನು ಅಂಟಿಸತೊಡಗಿದರು. ಕಮಿಲ್ ಬೇಕನ್-ಸ್ಮಿತ್ ಎಂಬ ಸಂಶೋಧಕಿ 1992ರಲ್ಲಿ ಪ್ರಕಟಿಸಿದ ‘ಎಂಟರ್‌ಪ್ರೈಸಿಂಗ್ ವಿಮೆನ್’ ಎಂಬ ಗ್ರಂಥದಲ್ಲಿ ಈ ವಿಷಯವನ್ನು ದಾಖಲಿಸಿದ್ದಾರೆ. 1987ರಲ್ಲಿ ಬಾಲ್ಟಿಮೋರ್‌ನ ಅಭಿಮಾನಿಗಳ ಸಮಾವೇಶವೊಂದರಲ್ಲಿ ಮಾತನಾಡಿದ ಲೇಖಕಿಯರು, ತಾವು ಕಥೆಗಳಲ್ಲಿ ಹೆಣ್ಣುಪಾತ್ರಗಳನ್ನು ತರುವುದನ್ನೇ ಬಿಟ್ಟಿರುವುದಾಗಿ ಹೇಳಿದರಂತೆ. ತಂದರೆ ಮೇರಿ ಸೂ ಎನ್ನುತ್ತಾರೆಂಬ ಅಂಜಿಕೆ. ಇನ್ನೊಂದು ಸಂಗತಿ ಓದಿ ನನಗೆ ಮನಸ್ಸು ಭಾರವಾಯಿತು. ಸಂಪಾದಕಿಯೊಬ್ಬರಿಗೆ ಬರುತ್ತಿದ್ದ ಕೆಲವು ಕಥೆಗಳ ಜೊತೆಯ ಪತ್ರದಲ್ಲಿ, ‘ಇದು ಮೇರಿ ಸೂ ಕಥೆ, ಕ್ಷಮಿಸಿ’ ಎಂಬರ್ಥದ ಮಾತಿರುತ್ತಿತ್ತು. ಆದರೆ ಮೇರಿ ಸೂ ಎಂದರೇನೆಂಬುದು ತಮಗೆ ತಿಳಿಯದೆಂದು ಆ ಲೇಖಕಿಯರೇ ಒಪ್ಪಿಕೊಂಡಿರುತ್ತಿದ್ದರು. ತಪ್ಪು ಏನೆಂದು ತಿಳಿಯದೆಯೇ ತಪ್ಪೊಪ್ಪಿಗೆ!

ವಿಚಿತ್ರವೆಂದರೆ, ಸರ್ವಗುಣಸಂಪನ್ನ ಕ್ಯಾಪ್ಟನ್ ಕರ್ಕ್‌ನನ್ನು ಗಂಡು ವೀರನೆಂದು ಎಲ್ಲರೂ ಸ್ವೀಕರಿಸಿದ್ದರು. ಅದೇ ಗುಣಗಳು ಹೆಣ್ಣಿಗೆ ಬಂದಾಗ ನಗೆಪಾಟಲಾದವು. ಈ ಅಸಮತೆಯನ್ನು ಅಭಿಮಾನಿ ಲೇಖಕಿಯರೇ ಮುಂದೆ ಬೊಟ್ಟುಮಾಡಿ ತೋರಿಸಿದರು.

ಇದರಲ್ಲಿರುವ ಪಾಠವನ್ನು ಸ್ವಲ್ಪ ಬಿಡಿಸಿ ನೋಡೋಣ. ‘ಮೂರನೆಯ ಪುಟದಲ್ಲಿ ನಿಮ್ಮ ನಾಯಕಿ ಬೀಗವನ್ನು ತೆರೆಯುವುದು ತೀರ ಸುಲಭವಾಯಿತು, ಅವಳು ಒಮ್ಮೆ ಸೋತಿದ್ದರೆ ನಮಗೂ ಆತಂಕವಾಗುತ್ತಿತ್ತು’ ಎಂದರೆ ಅದು ವಿಮರ್ಶೆ. ಬರೆದವಳು ಮನೆಗೆ ಹೋಗಿ ಮೂರನೆಯ ಪುಟವನ್ನು ತಿದ್ದಬಹುದು. ‘ಇದು ಮೇರಿ ಸೂ’ ಎಂದರೆ ತಿದ್ದುವುದು ಯಾವುದನ್ನು? ಪುಟವನ್ನು ಕುರಿತ ಮಾತು ಬರೆಹದ ಮೇಲೆ ಬೀಳುತ್ತದೆ. ಹಣೆಪಟ್ಟಿ ಬರೆದವಳ ಮೇಲೆ ಬೀಳುತ್ತದೆ. ನಮ್ಮ ತರಗತಿಗಳಲ್ಲಿಯೂ ಹೀಗೆಯೇ ಅಲ್ಲವೇ? ವಾಕ್ಯದ ಕೆಳಗೆ ಗೆರೆ ಎಳೆದು ‘ಇಲ್ಲಿ ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆಯಿಲ್ಲ’ ಎಂದು ಬರೆದರೆ ವಿದ್ಯಾರ್ಥಿ ಕಲಿಯುತ್ತಾನೆ. ‘ಅಪ್ರಯೋಜಕ’ ಎಂದು ಬರೆದರೆ ನೋಟ್‌ಬುಕ್ಕನ್ನು ಬಚ್ಚಿಡುವುದನ್ನು ಕಲಿಯುತ್ತಾನೆ.

1990ರ ದಶಕದಲ್ಲಿ ಅಭಿಮಾನಿ ಕಥೆಗಳು ಅಂತರ್ಜಾಲಕ್ಕೆ ಬಂದಾಗ ಸಂಪಾದಕಿಯ ಸ್ಥಾನ ಖಾಲಿಯಾಯಿತು. ಯಾರು ಬೇಕಾದರೂ ಬರೆದು ಆ ಕ್ಷಣವೇ ಪ್ರಕಟಿಸಬಹುದಾಯಿತು. ಆಗ ಆ ಸಮುದಾಯ ತಾನೇ ಒಂದು ಹೊಸ ಪಾತ್ರವನ್ನು ಬೆಳೆಸಿಕೊಂಡಿತು. ಅದೇ ‘ಬೀಟಾ ರೀಡರ್’. ತಂತ್ರಾಂಶವನ್ನು ಬಿಡುಗಡೆಗೆ ಮುನ್ನ ಪರೀಕ್ಷಿಸುವ ‘ಬೀಟಾ’ ಹಂತದಿಂದ ಈ ಹೆಸರು ಬಂದಿದೆ. ಪ್ರಕಟಣೆಗೆ ಮೊದಲು ಓದಿ, ಕಾಗುಣಿತದಿಂದ ಹಿಡಿದು ಪಾತ್ರದ ನಡೆನುಡಿಯವರೆಗೆ ತಪ್ಪುಗಳನ್ನು ತೋರಿಸುವ ಗೆಳತಿ ಇವಳು. ಕಥೆಯ ತಲೆಬರಹದಡಿಯಲ್ಲಿ ಅವಳಿಗೆ ಕೃತಜ್ಞತೆ ಹೇಳುವುದು ರೂಢಿಯಾಯಿತು. ಲೇಖಕಿಯೇ ಕೇಳಿ ಪಡೆಯುವ ವಿಮರ್ಶೆ ಇದು. ಅದೂ ತಿದ್ದಲು ಇನ್ನೂ ಕಾಲವಿರುವಾಗ, ನಾಲ್ಕು ಜನರ ಎದುರಿಗಲ್ಲದೆ ಖಾಸಗಿಯಾಗಿ. ಕೇಳದ ಹೊರತು ಪ್ರಕಟವಾದ ಕಥೆಯ ಮೇಲೆ ತಪ್ಪು ಎಣಿಸಬಾರದೆಂಬ ಮರ್ಯಾದೆಯೂ ಕ್ರಮೇಣ ಹಲವರಲ್ಲಿ ಬೆಳೆಯಿತು. ಮೆಚ್ಚುಗೆ ಮಾತ್ರ ಸಾಕೆಂದರೆ ಬೆಳೆಯುವುದು ಹೇಗೆಂದು ವಾದಿಸುವವರೂ ಅಲ್ಲಿದ್ದಾರೆ. ಆ ಚರ್ಚೆ ಇನ್ನೂ ಮುಗಿದಿಲ್ಲ.

ಸಿಸಿಲಿಯಾ ಅರಗಾನ್ ಮತ್ತು ಕೇಟೀ ಡೇವಿಸ್ ಎಂಬ ವಿದುಷಿಯರು 2019ರಲ್ಲಿ ಈ ಲೇಖಕರ ಬಗ್ಗೆ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಒಬ್ಬ ಗುರುವಿನ ಬದಲು ಹತ್ತಾರು ಓದುಗರು ಹೇಳುವ ಚಿಕ್ಕ ಚಿಕ್ಕ ಮಾತುಗಳು ಕೂಡಿ ಗುರುವಿನ ಕೆಲಸ ಮಾಡುತ್ತವೆ ಎಂಬುದು ಅವರ ಪ್ರತಿಪಾದನೆ. ಹೆಚ್ಚು ಪ್ರತಿಕ್ರಿಯೆ ಪಡೆದ ಬರೆಹಗಾರರ ಪದವೈವಿಧ್ಯವೂ ಹೆಚ್ಚಿತೆಂಬ ಸಂಬಂಧವನ್ನು ಅವರ ತಂಡ ಗುರುತಿಸಿದೆ. ಒಂದು ಹನಿಯಿಂದ ಕೆರೆ ತುಂಬದು, ಹನಿ ಹನಿ ಕೂಡಿದರೆ ಹಳ್ಳವಲ್ಲವೇ!

ಹಾಗೆಂದು ಟೀಕೆಯನ್ನು ಸ್ವೀಕರಿಸುವವರಿಗೆ ಹೊಣೆಯಿಲ್ಲವೆಂದಲ್ಲ. ಹೇಳಿದ ಮಾತು ಪುಟವನ್ನು ಕುರಿತದ್ದೋ ತಮ್ಮನ್ನು ಕುರಿತದ್ದೋ ಎಂದು ವಿಂಗಡಿಸಿ, ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಬಿಟ್ಟುಬಿಡುವ ವಿವೇಕ ಅವರಿಗೆ ಬೇಕು. ಮೇರಿ ಸೂ ಬರೆದ ಆ ಹುಡುಗಿಯರಲ್ಲಿ ಎಷ್ಟೋ ಮಂದಿಗೆ ಅದು ಮೊದಲ ಕಥೆಯಾಗಿದ್ದಿರಬೇಕು. ಮೊದಲ ಕಥೆಯಲ್ಲಿ ತಾನೇ ನಾಯಕಿಯಾಗಬೇಕೆಂದು ಬಯಸುವುದು ಅಪರಾಧವಲ್ಲ. ಎರಡನೆಯ ಕಥೆಯನ್ನು ಬರೆಯುವ ಧೈರ್ಯ ಉಳಿಯುವಂತೆ ಮೊದಲ ಕಥೆಯನ್ನು ತಿದ್ದುವುದೇ ತಿದ್ದುವವರ ಧರ್ಮ.