ಲೋಹದ ಮೊಗ, ಅಕ್ಕಿಹಿಟ್ಟಿನ ಅಚ್ಚು: ಕಲ್ಲಡ್ಕ ಸೀಮೆಯ ಕೃಷಿಕಲೆಯಲ್ಲಿ ಪ್ರಾಣಿ

ಶಿಲ್ಪ, ಮುದ್ರಣ ಎರಡರಲ್ಲೂ ಪಳಗಿ, ಹಳ್ಳಿಯ ಮೇಕೆಗಳಿಗೆ ಕಲೆಯಲ್ಲಿ ಜಾಗ ಕೊಟ್ಟವರೆಂದರೆ 1940ರಲ್ಲಿ ತೆಲಂಗಾಣದ ನಿಜಾಂಪುರದಲ್ಲಿ ಹುಟ್ಟಿದ ಕೆ. ಲಕ್ಷ್ಮಾ ಗೌಡ್ ನೆನಪಾಗುತ್ತಾರೆ. ಕಲ್ಲಡ್ಕ, ಬಂಟ್ವಾಳ, ಬೆಳ್ತಂಗಡಿಯ ಕಡೆ ಈ ಎರಡೂ ಕೆಲಸ ಹೆಸರು ಬರೆದಿಡದ ಕೈಗಳಲ್ಲಿ ನಡೆದು ಬಂದಿವೆ.

ಮೊದಲು ಶಿಲ್ಪ. ಭೂತಾರಾಧನೆಯ ದೈವ ಪಂಜುರ್ಲಿಯ ಲೋಹದ ಮೊಗ, ಅಂದರೆ ಮುಖವಾಡ, ಕಾಡುಹಂದಿಯದು: ಚಾಚಿದ ಮೂತಿ, ಮೇಲಕ್ಕೆ ಬಾಗಿದ ಕೋರೆ, ನಿಮಿರಿದ ಕಿವಿ. ಗದ್ದೆಗೆ ನುಗ್ಗಿ ಬೆಳೆ ತಿನ್ನುವ ಪ್ರಾಣಿಯೇ ಇಲ್ಲಿ ಬೆಳೆ ಕಾಯುವ ದೈವ. ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬಗಳಲ್ಲಿರುವ ನವನಾರೀಕುಂಜರ, ಪಂಚನಾರೀತುರಗಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹೆಣ್ಣುಗಳ ಮೈ ಜೋಡಿಸಿ ಆನೆ, ಕುದುರೆ ಮಾಡಿದ ಆ ಜಾಣ್ಮೆ ಬೆರಗು ಹುಟ್ಟಿಸುತ್ತದೆ. ಆದರೆ ಪ್ರಾಣಿಯನ್ನು ಹತ್ತಿರದಿಂದ ಕಂಡು ಹೆದರಿದವನ ನೋಟ ಇರುವುದು ಪಂಜುರ್ಲಿಯ ಮೊಗದಲ್ಲೇ. ಬಾರ್ಕೂರು ಬಳಿಯ ಮೆಕ್ಕೆಕಟ್ಟಿನ ಮರದ ಭೂತಶಿಲ್ಪಗಳು ದೆಹಲಿಯ ಕರಕುಶಲ ಸಂಗ್ರಹಾಲಯ ಸೇರಿ ವಿದ್ವಾಂಸರ ಗಮನ ಸೆಳೆದಿವೆ.

ಮುದ್ರಣಕ್ಕೆ ಅಂಥ ಅದೃಷ್ಟವಿಲ್ಲ. ದೀಪಾವಳಿಯ ಗೋಪೂಜೆಯಂದು ದನಗಳ ಮೈತೊಳೆದು, ಹೂಮಾಲೆ ಹಾಕಿ, ಅಕ್ಕಿಹಿಟ್ಟು ಕಲಸಿದ ನೀರಿನಲ್ಲಿ ಲೋಟವನ್ನೋ ಪಾವನ್ನೋ ಬೋರಲಾಗಿ ಅದ್ದಿ, ಪಕ್ಕೆಯ ಮೇಲೆ ಒತ್ತುತ್ತಾರೆ. ಮೊದಲ ಬಳೆ ದಟ್ಟ; ಎರಡನೆಯದು ತೆಳು; ಮೂರನೆಯದಕ್ಕೆ ಮತ್ತೆ ಅದ್ದಬೇಕು. ಒದ್ದೆ ತಾಗಿದೊಡನೆ ದನ ಚರ್ಮ ನಡುಗಿಸುತ್ತದೆ, ಬಳೆಯ ಒಂದು ಬದಿ ಜಾರುತ್ತದೆ. ಕಪ್ಪು ಮೈಯಲ್ಲಿ ಒಣಗಿದ ಮೇಲೆ ಬಿಳುಪು ಏರುತ್ತದೆ. ಕೂದಲು ಮಲಗಿದ ದಿಕ್ಕಿಗೆ ಅಂಚು ಸೀಳುತ್ತದೆ. ಅಚ್ಚು, ಬಣ್ಣ, ಒತ್ತಡ, ಪ್ರತಿ ಪ್ರತಿಗೂ ವ್ಯತ್ಯಾಸ—ಮುದ್ರಣಕಲೆಯ ಲಕ್ಷಣಗಳೆಲ್ಲ ಇಲ್ಲಿವೆ. ಅಕ್ಕಿ ಅಳೆಯುವ ಪಾವೇ ಅಚ್ಚು, ಅಕ್ಕಿಯೇ ಬಣ್ಣ, ಗದ್ದೆ ಉಳುವ ಜೀವವೇ ಹಾಳೆ. ಇದನ್ನು ಬರಿಯ ಅಲಂಕಾರವೆಂದು ಬಿಡುವುದು ತಪ್ಪೆಂದೇ ನನ್ನ ವಾದ. ಮೊಗದಲ್ಲಿ ಪ್ರಾಣಿ ಶಿಲ್ಪದ ವಸ್ತು. ಹಟ್ಟಿಯಲ್ಲಿ ಅದೇ ಕಲೆಯ ನೆಲ.

ಮೊಗವನ್ನು ದೈವದ ಭಂಡಾರದಲ್ಲಿ ಇಟ್ಟು ಕಾಯುತ್ತಾರೆ. ಹಿಟ್ಟಿನ ಬಳೆ ಒಂದು ಮಳೆಗೆ ಹೋಗುತ್ತದೆ. ಗದ್ದೆಗಳು ಅಡಿಕೆ, ರಬ್ಬರ್ ತೋಟಗಳಾದಂತೆ ಉಳುವ ಎತ್ತು, ಕೋಣಗಳೂ ಹಟ್ಟಿ ಬಿಡುತ್ತಿವೆ. ಈ ಸೀಮೆಯ ಕಲಾವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ: ಬರುವ ಗೋಪೂಜೆಯ ದಿನ ಹಟ್ಟಿಯ ಬಾಗಿಲಲ್ಲಿ ನಿಂತು, ಯಾವ ಪಾತ್ರೆ, ಯಾರ ಕೈ, ಮೈಯ ಯಾವ ಭಾಗಕ್ಕೆ ಎಷ್ಟು ಒತ್ತು ಎಂಬುದನ್ನು ಬರೆದಿಡಿ.