ಹ್ಯೂಯೆನ್‌ತ್ಸಾಂಗನು ಭರತಖಂಡವನ್ನು ಬೀಳ್ಕೊಂಡುದು

ಪರದೇಶದಲ್ಲಿ ಬಹುಕಾಲ ನೆಲಸಿದ ಅತಿಥಿಗೆ ಹೊರಡುವ ಸಮಯವು ಸುಲಭವಾದುದಲ್ಲ. ಉಂಡ ಅನ್ನದ ಋಣವನ್ನೂ ಕಲಿತ ವಿದ್ಯೆಯ ಋಣವನ್ನೂ ಹೊಸ್ತಿಲಲ್ಲಿ ನಿಂತು ಆಡುವ ನಾಲ್ಕು ಮಾತುಗಳಿಂದ ತೀರಿಸುವುದೆಂತು? ಚೀನಾದೇಶದ ಯತಿಯಾದ ಹ್ಯೂಯೆನ್‌ತ್ಸಾಂಗನ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರವು ದೊರೆಯುತ್ತದೆ. ಆತನ ಸಮಕಾಲೀನನಾದ ಹ್ವೀಲಿಯೆಂಬ ಭಿಕ್ಷುವು ಬರೆದ ಜೀವನಚರಿತ್ರೆಯು ಈ ವೃತ್ತಾಂತಕ್ಕೆ ಮುಖ್ಯಾಧಾರವಾಗಿದೆ.

ನಾಲಂದಾ ಮಹಾವಿಹಾರದಲ್ಲಿ ವೃದ್ಧಾಚಾರ್ಯನಾದ ಶೀಲಭದ್ರನು ಈತನಿಗೆ ಯೋಗಾಚಾರಭೂಮಿಶಾಸ್ತ್ರವನ್ನು ಹದಿನೈದು ತಿಂಗಳುಗಳ ಕಾಲ ಪಾಠಹೇಳಿದನು. ಯತಿಯು ಸ್ವದೇಶಕ್ಕೆ ಹೊರಡಲು ನಿಶ್ಚಯಿಸಿದಾಗ ಅಲ್ಲಿನ ಭಿಕ್ಷುಗಳು, ಬುದ್ಧನ ಜನ್ಮಭೂಮಿಯನ್ನು ಬಿಟ್ಟು ಮ್ಲೇಚ್ಛದೇಶಕ್ಕೆ ಹೋಗುವುದೇಕೆಂದು ತಡೆದರು. ಆತನು ಅವರ ಸ್ನೇಹವನ್ನು ಅಲ್ಲಗಳೆಯಲಿಲ್ಲ. ತನ್ನ ದೇಶವನ್ನು ಹಳಿಯುವ ಮಾತನ್ನು ಒಪ್ಪಲೂ ಇಲ್ಲ. ಈ ನಾಡು ತನಗೆ ಪ್ರಿಯವೇ ಆದರೂ, ಇಲ್ಲಿ ಕಲಿತುದನ್ನು ಭಾಷಾಂತರಿಸಿ ತನ್ನವರಿಗೆ ತಿಳಿಸುವುದೇ ಗುರುಋಣವನ್ನು ತೀರಿಸುವ ದಾರಿಯೆಂದು ಶೀಲಭದ್ರನಲ್ಲಿ ವಿಜ್ಞಾಪಿಸಿದನು. ಆಚಾರ್ಯನು ಸಂತೋಷಪಟ್ಟು, ಇವನನ್ನು ಯಾರೂ ತಡೆಯಕೂಡದೆಂದು ಅಪ್ಪಣೆಕೊಟ್ಟನು. ಶಿಷ್ಯನ ವಿನಯದಷ್ಟೇ ಗುರುವಿನ ಈ ತ್ಯಾಗವೂ ಸ್ಮರಣೀಯವಾದುದು.

ಬಳಿಕ ಹರ್ಷವರ್ಧನನೂ ಕಾಮರೂಪದ ಭಾಸ್ಕರವರ್ಮನೂ ಯತಿಯನ್ನು ಆದರಿಸಿದರು. ಕ್ರಿ. ಶ. 643 ರಲ್ಲಿ ಪ್ರಯಾಗದ ಮಹಾದಾನೋತ್ಸವವು ಎಪ್ಪತ್ತೈದು ದಿನಗಳು ನಡೆದು ಮುಗಿಯಲು, ಆತನು ಅಪ್ಪಣೆ ಬೇಡಿದನು. ತನ್ನ ರಾಜ್ಯದಲ್ಲಿ ನಿಲ್ಲುವುದಾದರೆ ನೂರು ವಿಹಾರಗಳನ್ನು ಕಟ್ಟಿಸುವೆನೆಂದು ಭಾಸ್ಕರವರ್ಮನು ನುಡಿದನು. ಯತಿಯು ಒಪ್ಪಲಿಲ್ಲ. ಹರ್ಷನು ಸಮುದ್ರಮಾರ್ಗವಾಗಿ ಹೋಗುವುದಾದರೆ ರಾಜಪುರುಷರನ್ನು ಜೊತೆಗೆ ಕಳುಹಿಸುವೆನೆಂದನು. ಅದನ್ನೂ ಆತನು ಒಪ್ಪದಿರಲು ಕಾರಣವುಂಟು. ಬರುವಾಗ ತುರ್ಫಾನ್ ಪ್ರಾಂತದ ಕೌಚಾಂಗ್ ದೊರೆಯು ಆತನಿಗೆ ಬಹಳವಾಗಿ ನೆರವಾಗಿದ್ದನು. ಹಿಂದಿರುಗುವಾಗ ಅಲ್ಲಿ ಮೂರು ವರ್ಷ ನಿಲ್ಲುವೆನೆಂದು ಆತನು ಮಾತುಕೊಟ್ಟಿದ್ದನು. ಆದರೆ ಅಷ್ಟರಲ್ಲಿ ಆ ದೊರೆಯು ಗತಿಸಿದ್ದನು, ಕ್ರಿ. ಶ. 640 ರಲ್ಲಿಯೇ ಆ ರಾಜ್ಯವು ಚೀನಾ ಚಕ್ರವರ್ತಿಯ ವಶವಾಗಿದ್ದಿತು. ಕೊಟ್ಟ ಮಾತು ಉಳಿದಿತ್ತು, ಪಡೆದವನು ಉಳಿದಿರಲಿಲ್ಲ.

ಇಬ್ಬರು ರಾಜರೂ ಕೊಟ್ಟ ವಸ್ತುಗಳಲ್ಲಿ ಮಳೆಯನ್ನು ತಡೆಯುವ ಒಂದು ಮೇಲ್ಹೊದಿಕೆಯನ್ನು ಮಾತ್ರ ಯತಿಯು ಸ್ವೀಕರಿಸಿದನು. ದಾರಿಯ ವೆಚ್ಚಕ್ಕಾಗಿ ಹರ್ಷನು ಒಂದು ದೊಡ್ಡ ಆನೆಯನ್ನೂ ಸುವರ್ಣ ರಜತ ನಾಣ್ಯಗಳನ್ನೂ ಜೊತೆಗಾರನಾದ ಒಬ್ಬ ದೊರೆಯ ವಶಕ್ಕೆ ಒಪ್ಪಿಸಿದನು. ಬಹುದೂರ ಕಳುಹಿಸಿ ಹಿಂದಿರುಗಿದ ರಾಜರು ಮೂರು ದಿನಗಳಾದ ಮೇಲೆ ನೂರಾರು ರಾವುತರೊಡನೆ ಧಾವಿಸಿಬಂದು ಇನ್ನೊಮ್ಮೆ ಬೀಳ್ಕೊಂಡರು. ಚಕ್ರವರ್ತಿಗೂ ಒಂದೇ ಸಲದ ವಿದಾಯವು ಸಾಲದೆಹೋಯಿತು.

ಹಿಂದೆ ಇಮ್ಮಡಿ ಪುಲಕೇಶಿಯ ರಾಜ್ಯದಲ್ಲಿ ಸಂಚರಿಸಿದಾಗ, ಅಲ್ಲಿಯ ಜನರು ಉಪಕಾರವನ್ನು ಮರೆಯುವವರಲ್ಲವೆಂದು ಈ ಯತಿಯು ಕೊಂಡಾಡಿದ್ದನು. ಆ ಗುಣವು ಆತನಲ್ಲಿಯೂ ಇದ್ದಿತು. ಸಿಂಧೂನದಿಯನ್ನು ದಾಟುವಾಗ ದೋಣಿಯು ಬಿರುಗಾಳಿಗೆ ಸಿಕ್ಕಿ ಐವತ್ತು ಗ್ರಂಥಗಳು ನೀರುಪಾಲಾದುವು. ಆದರೂ ಕ್ರಿ. ಶ. 645 ರಲ್ಲಿ 657 ಗ್ರಂಥಗಳೊಡನೆ ಛಾಂಗಾನ್ ನಗರವನ್ನು ಸೇರಿ, ಸುಮಾರು ಮೂರು ವರ್ಷಗಳಲ್ಲಿ ಶೀಲಭದ್ರನು ಹೇಳಿಕೊಟ್ಟ ಯೋಗಾಚಾರಭೂಮಿಶಾಸ್ತ್ರವನ್ನು ನೂರು ಸಂಪುಟಗಳಲ್ಲಿ ಚೀನೀ ಭಾಷೆಗೆ ತಂದನು.

ಕ್ರಿ. ಶ. 652 ರಲ್ಲಿ ಮಹಾಬೋಧಿಯ ವಿಹಾರದಿಂದ ಪತ್ರವೂ ಎರಡು ವಸ್ತ್ರಗಳೂ ಆತನಿಗೆ ತಲಪಿದುವು. 654 ರಲ್ಲಿ ಆತನು ಉತ್ತರ ಬರೆದನು. ಶೀಲಭದ್ರನು ಕಾಲವಾದ ಸುದ್ದಿಯನ್ನು ಕೇಳಿ ಪಟ್ಟ ದುಃಖವನ್ನೂ, ಗುರುವಿನ ಶಾಸ್ತ್ರವು ಭಾಷಾಂತರವಾಗಿರುವುದನ್ನೂ ಅದರಲ್ಲಿ ತಿಳಿಸಿ, ಸಿಂಧುವಿನಲ್ಲಿ ಕಳೆದುಹೋದ ಗ್ರಂಥಗಳ ಪಟ್ಟಿಯನ್ನೂ ಸೇರಿಸಿ, ಅವುಗಳನ್ನು ಮತ್ತೆ ಕಳುಹಿಸಬೇಕೆಂದು ಪ್ರಾರ್ಥಿಸಿದನು. ಆತಿಥೇಯರಲ್ಲಿ ಹೀಗೆ ಮತ್ತೆ ಕೇಳಿಕೊಳ್ಳುವಷ್ಟು ಸಲಿಗೆಯು ಹತ್ತು ವರ್ಷಗಳ ಮೇಲೆಯೂ ಉಳಿದಿದ್ದಿತು.