ಕೊನೆಯ ಆಂಗ್ಲೋ-ಸ್ಯಾಕ್ಸನ್ ದೊರೆಗಳು: ತೀರ್ಪು ಬದಲಾದ ಬಗೆ

ಇಂಗ್ಲೆಂಡಿನ ಆಂಗ್ಲೋ-ಸ್ಯಾಕ್ಸನ್ ರಾಜ್ಯ ಐವತ್ತು ವರ್ಷಗಳ ಅಂತರದಲ್ಲಿ ಎರಡು ಬಾರಿ ಹೊರಗಿನವರ ಕೈಸೇರಿತು. 1016ರಲ್ಲಿ ಡೆನ್ಮಾರ್ಕಿನ ಕ್ನೂಟ್ ಗೆದ್ದ, 1066ರಲ್ಲಿ ನಾರ್ಮಂಡಿಯ ವಿಲಿಯಂ. ಎರಡನೆಯ ಗೆಲುವು ಲೋಕಕ್ಕೆಲ್ಲ ಗೊತ್ತು. ಮೊದಲನೆಯದು ಇತಿಹಾಸದ ವಿದ್ಯಾರ್ಥಿಗಳ ಆಚೆಗೆ ಅಷ್ಟಾಗಿ ಯಾರ ನೆನಪಿನಲ್ಲೂ ಉಳಿದಿಲ್ಲ. ಈ ಸೋಲುಗಳಿಗೆ ಕಾರಣವೇನು ಎಂಬ ಪ್ರಶ್ನೆಗೆ ಬಹುಕಾಲ ಒಂದೇ ಉತ್ತರವಿತ್ತು: ದೊರೆಗಳೇ ಕೈಲಾಗದವರು. ಎಥೆಲ್‌ರೆಡ್ ಹೇಡಿ, ಎಡ್ವರ್ಡ್ ರಾಜ್ಯ ಮರೆತು ಪ್ರಾರ್ಥನೆಯಲ್ಲಿ ಮುಳುಗಿದ ಸಾಧು, ಹೆರಾಲ್ಡ್ ಆಣೆ ಮುರಿದವನು. ಕಳೆದ ಒಂದೂವರೆ ಶತಮಾನದಲ್ಲಿ, ಅದರಲ್ಲೂ 1970ರಿಂದ ಈಚೆಗೆ, ಈ ತೀರ್ಪು ಬುಡಸಮೇತ ಅಲುಗಾಡಿದೆ. ದಾನಪತ್ರ, ನಾಣ್ಯ, ಭೂದಾಖಲೆ, ಮೂಳೆಗಳು ಸಾಕ್ಷಿ ಹೇಳತೊಡಗಿದ ಮೇಲೆ ಹಳೆಯ ಕಥೆಗಾರರ ಮಾತು ಮೊದಲಿನ ತೂಕ ಉಳಿಸಿಕೊಳ್ಳಲಿಲ್ಲ.

ಎಥೆಲ್‌ರೆಡ್‌ನಿಂದಲೇ ಶುರು ಮಾಡಬೇಕು. 978ರಲ್ಲಿ ಅವನ ಮಲಅಣ್ಣ ಎಡ್ವರ್ಡ್ ಕಾರ್ಫ್ ಎಂಬಲ್ಲಿ ಕೊಲೆಯಾದ. ಇನ್ನೂ ಬಾಲಕನಾಗಿದ್ದ ಎಥೆಲ್‌ರೆಡ್ ಪಟ್ಟಕ್ಕೆ ಬಂದ. ಕೊಲೆಯಲ್ಲಿ ಅವನ ಕೈವಾಡವಿರಲಿಲ್ಲ, ಆದರೂ ರಕ್ತದ ಕಲೆ ಆ ಸಿಂಹಾಸನಕ್ಕೆ ಅಂಟಿಕೊಂಡಿತು. ಅವನ ಆಳ್ವಿಕೆಯ ಕಥೆಯನ್ನು ನಮಗೆ ಮುಖ್ಯವಾಗಿ ಹೇಳುವುದು ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್. ವರ್ಷದ ಮೇಲೆ ವರ್ಷ ವೈಕಿಂಗರ ದಾಳಿ, ಕಪ್ಪ, ದ್ರೋಹ, ತಡವಾಗಿ ಸೇರುವ ಸೈನ್ಯ: ಓದುವವರ ಮನಸ್ಸು ಕುಗ್ಗಿಹೋಗುವಂತೆ ಬರೆದಿದ್ದಾನೆ ಆ ಹೆಸರಿಲ್ಲದ ಲೇಖಕ. ಇದು ಆಯಾ ವರ್ಷದ ವರದಿ ಎಂದೇ ಬಹುಕಾಲ ಎಲ್ಲರೂ ನಂಬಿದ್ದರು. ವಾಸ್ತವವಾಗಿ ಎಥೆಲ್‌ರೆಡ್ ಆಳ್ವಿಕೆಯ ಬಹುಭಾಗವನ್ನು ಒಬ್ಬನೇ ಲೇಖಕ ಆ ದೊರೆ ಸತ್ತ ಮೇಲೆ, ಸೋಲು ಕಣ್ಣೆದುರಿಗಿದ್ದಾಗ, ಕೂತು ಬರೆದದ್ದು. ಕೊನೆ ಗೊತ್ತಿದ್ದವನು ಮೊದಲಿನಿಂದಲೇ ಕೆಟ್ಟ ಶಕುನ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವರು ಕೇಂಬ್ರಿಜ್‌ನ ಸೈಮನ್ ಕೀನ್ಸ್. 1980ರಲ್ಲಿ ಬಂದ ಅವರ ಗ್ರಂಥ ಎಥೆಲ್‌ರೆಡ್‌ನ ದಾನಪತ್ರಗಳನ್ನು ಒಂದೊಂದಾಗಿ ಪರೀಕ್ಷಿಸಿತು. ಭೂಮಿ ಕೊಟ್ಟ ಪ್ರತಿ ಪತ್ರದ ಕೊನೆಗೂ ಸಾಕ್ಷಿಗಳ ಪಟ್ಟಿ ಇರುತ್ತದೆ. ಆರ್ಚ್‌ಬಿಷಪ್, ಬಿಷಪ್, ಪ್ರಾಂತಾಧಿಕಾರಿ, ಸಾಮಂತ ಹೀಗೆ ಅಂತಸ್ತಿನ ಕ್ರಮದಲ್ಲಿ. ವರ್ಷದಿಂದ ವರ್ಷಕ್ಕೆ ಯಾರ ಹೆಸರು ಮೇಲೇರಿತು, ಯಾರದು ಕೆಳಗಿಳಿಯಿತು, ಯಾರದು ಇದ್ದಕ್ಕಿದ್ದಂತೆ ಮಾಯವಾಯಿತು ಎಂದು ಕೀನ್ಸ್ ಪಟ್ಟಿ ಹಾಕಿದರು. ಒಣಗಿದಂತೆ ಕಾಣುವ ಆ ಪಟ್ಟಿಗಳಿಂದ ಒಂದು ಆಸ್ಥಾನದ ರಾಜಕೀಯವೇ ಎದ್ದುಬಂತು. ಎಳೆಯ ದೊರೆಯ ಸುತ್ತ ಸೇರಿ ಮಠಗಳ ಭೂಮಿ ನುಂಗಿದವರು, ಆಮೇಲೆ ಅವರನ್ನು ದೂರವಿಟ್ಟು ಬಂದ ಹೊಸ ಸಲಹೆಗಾರರು, 1006ರ ಸುಮಾರಿಗೆ ಮತ್ತೊಂದು ದೊಡ್ಡ ಪಲ್ಲಟ, ಅದರ ಬೆನ್ನಿಗೇ ಎಡ್ರಿಕ್ ಸ್ಟ್ರಿಯೋನನ ಏಳಿಗೆ. ಅದೇ ಎಡ್ರಿಕ್ ಮುಂದೆ ಪಕ್ಷಾಂತರದ ಮೇಲೆ ಪಕ್ಷಾಂತರ ಮಾಡಿ ರಾಜವಂಶಕ್ಕೆ ಮುಳುವಾದ.

993ರಲ್ಲಿ ಅಬಿಂಗ್ಡನ್ ಮಠಕ್ಕೆ ಎಥೆಲ್‌ರೆಡ್ ಕೊಟ್ಟ ಪತ್ರವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಮಠದ ಸ್ವಾತಂತ್ರ್ಯವನ್ನು ಹಿಂದೆ ತಾನೇ ಮಾರಿಕೊಂಡದ್ದನ್ನು ದೊರೆ ಅದರಲ್ಲಿ ಬಹಿರಂಗವಾಗಿ ಒಪ್ಪಿಕೊಳ್ಳುತ್ತಾನೆ. ತನ್ನ ವಯಸ್ಸಿನ ತಿಳಿಗೇಡಿತನವನ್ನು ಹೇಳಿ, ದಾರಿ ತಪ್ಪಿಸಿದವರಲ್ಲಿ ಒಬ್ಬ ಬಿಷಪ್ ಮತ್ತು ಒಬ್ಬ ಪ್ರಾಂತಾಧಿಕಾರಿಯ ಹೆಸರನ್ನೇ ಬರೆಸುತ್ತಾನೆ. ಒಬ್ಬ ದೊರೆ ತನ್ನ ತಪ್ಪನ್ನು ಸಹಿ ಸಮೇತ ದಾಖಲೆಗೆ ಸೇರಿಸುವುದು ಸಣ್ಣ ಮಾತಲ್ಲ. 2016ರಲ್ಲಿ ಎಥೆಲ್‌ರೆಡ್‌ನ ಜೀವನಚರಿತ್ರೆ ಬರೆದ ಲೆವಿ ರೋಚ್ ಈ ಪಶ್ಚಾತ್ತಾಪವನ್ನೇ ಕೇಂದ್ರವಾಗಿ ಹಿಡಿದರು. ವೈಕಿಂಗರ ದಾಳಿಯನ್ನು ದೇವರ ಶಿಕ್ಷೆ ಎಂದು ನಂಬಿದ್ದ ಕಾಲದಲ್ಲಿ ಪ್ರಾಯಶ್ಚಿತ್ತವೂ ರಾಜ್ಯರಕ್ಷಣೆಯ ಒಂದು ಕ್ರಮವೇ ಆಗಿತ್ತು ಎಂಬುದು ಅವರ ವಾದ. ಅಂದಹಾಗೆ, ಎಥೆಲ್‌ರೆಡ್‌ಗೆ ಇಂದಿಗೂ ಅಂಟಿರುವ ಹೀಯಾಳಿಕೆಯ ಅಡ್ಡಹೆಸರು ಅವನು ಬದುಕಿದ್ದ ಕಾಲದ ಯಾವ ದಾಖಲೆಯಲ್ಲೂ ಇಲ್ಲ. ಬಹಳ ತಡವಾಗಿ ಬಂದದ್ದು.

ಹಾಗೆಂದು ಎಥೆಲ್‌ರೆಡ್‌ನನ್ನು ಪೂರ್ತಿ ನಿರಪರಾಧಿ ಎನ್ನಲು ನಾನು ಸಿದ್ಧನಿಲ್ಲ. 1002ರ ನವೆಂಬರ್ 13ರಂದು, ಸೇಂಟ್ ಬ್ರೈಸ್ ಹಬ್ಬದ ದಿನ, ಇಂಗ್ಲೆಂಡಿನಲ್ಲಿದ್ದ ಡೇನರನ್ನೆಲ್ಲ ಕೊಲ್ಲಲು ಅವನು ಆಜ್ಞೆ ಹೊರಡಿಸಿದ. ಎರಡು ವರ್ಷಗಳ ನಂತರ ಆಕ್ಸ್‌ಫರ್ಡ್‌ನ ಸೇಂಟ್ ಫ್ರೈಡ್ಸ್‌ವೈಡ್ ಚರ್ಚಿಗೆ ಕೊಟ್ಟ ದಾನಪತ್ರದಲ್ಲಿ ಆ ಕೃತ್ಯದ ನೆನಪು ಬರುತ್ತದೆ: ಪ್ರಾಣಭಯದಿಂದ ಚರ್ಚಿನೊಳಗೆ ನುಗ್ಗಿದ ಡೇನರನ್ನು ಹೊರಗೆಳೆಯಲಾಗದೆ ಊರವರು ಚರ್ಚಿಗೇ ಬೆಂಕಿಯಿಟ್ಟರು. ಗೋಧಿಯ ನಡುವೆ ಎದ್ದ ಕಳೆ ಎಂದು ಆ ಪತ್ರ ಡೇನರನ್ನು ಕರೆಯುತ್ತದೆ. ವಿಷಾದದ ಸೊಲ್ಲೇ ಇಲ್ಲ. 2008ರಲ್ಲಿ ಆಕ್ಸ್‌ಫರ್ಡ್‌ನ ಸೇಂಟ್ ಜಾನ್ಸ್ ಕಾಲೇಜಿನ ಆವರಣದಲ್ಲಿ ಅಗೆದಾಗ ಮೂವತ್ತಕ್ಕೂ ಹೆಚ್ಚು ಜನರ ಅಸ್ಥಿಗಳು ಒಂದೇ ಗುಂಡಿಯಲ್ಲಿ ಸಿಕ್ಕವು. ಬಹುತೇಕ ಎಲ್ಲರೂ ಹರೆಯದ ಗಂಡಸರು. ಬೆನ್ನ ಹಿಂದಿನಿಂದ ಬಿದ್ದ ಏಟುಗಳು, ಕೆಲವರ ಮೂಳೆಗಳ ಮೇಲೆ ಸುಟ್ಟ ಗುರುತು. ಡಿಎನ್‌ಎ ಪರೀಕ್ಷೆಯಲ್ಲಿ ಅವರಲ್ಲೊಬ್ಬನಿಗೂ ಡೆನ್ಮಾರ್ಕಿನ ಫ್ಯೂನೆನ್ ದ್ವೀಪದಲ್ಲಿ ಹೂತಿದ್ದ ಇನ್ನೊಬ್ಬನಿಗೂ ಹತ್ತಿರದ ರಕ್ತಸಂಬಂಧ ಪತ್ತೆಯಾಯಿತು. ಈ ಗುಂಡಿ ಅದೇ ದಿನದ್ದೇ ಎಂಬುದರ ಬಗ್ಗೆ ಚರ್ಚೆ ಇದೆ. ಪತ್ರದ ಬಗ್ಗೆ ಚರ್ಚೆಗೆ ಎಡೆಯಿಲ್ಲ.

ಇನ್ನು ಕಪ್ಪದ ಮಾತು. ಕ್ರಾನಿಕಲ್ ಕೊಡುವ ಅಂಕಿಗಳು ಏರುತ್ತಲೇ ಹೋಗುತ್ತವೆ: 991ರಲ್ಲಿ 10,000 ಪೌಂಡ್, 994ರಲ್ಲಿ 16,000, 1002ರಲ್ಲಿ 24,000, 1012ರಲ್ಲಿ 48,000. ಕ್ನೂಟ್ ಗೆದ್ದ ಮೇಲೆ 1018ರಲ್ಲಿ ದೇಶದಿಂದ 72,000, ಲಂಡನ್ನಿನಿಂದ ಬೇರೆಯಾಗಿ 10,500. ಪೌಂಡಿಗೆ 240 ಬೆಳ್ಳಿ ಪೆನ್ನಿ. ಕೊನೆಯ ವರ್ಷದ ಮೊತ್ತವೊಂದೇ ಹತ್ತಿರ ಹತ್ತಿರ 2 ಕೋಟಿ ಪೆನ್ನಿ. ಇಷ್ಟು ಬೆಳ್ಳಿ ಇತ್ತೇ? 1980ರ ದಶಕದಲ್ಲಿ ಎಂ. ಕೆ. ಲಾಸನ್ ಇತ್ತು ಎಂದರು, ಜಾನ್ ಗಿಲಿಂಗ್‌ಹ್ಯಾಮ್ ಅಂಕಿಗಳೇ ಉತ್ಪ್ರೇಕ್ಷೆ ಎಂದರು. ವಾದ ಇನ್ನೂ ಇತ್ಯರ್ಥವಾಗಿಲ್ಲ. ಅಂಕಿ ಅರ್ಧಕ್ಕಿಳಿಸಿದರೂ ಒಂದು ಮಾತು ಉಳಿಯುತ್ತದೆ: ಬಡ, ಅವ್ಯವಸ್ಥಿತ ರಾಜ್ಯದಿಂದ ಇಷ್ಟು ವಸೂಲಿ ಸಾಧ್ಯವೇ ಇಲ್ಲ.

ಇಲ್ಲಿ ನಾಣ್ಯಶಾಸ್ತ್ರ ಬಂದು ಇಡೀ ಚರ್ಚೆಯ ದಿಕ್ಕು ಬದಲಿಸಿತು. ಎಡ್ಗರ್ ದೊರೆ 973ರ ಸುಮಾರಿಗೆ ನಾಣ್ಯ ಪದ್ಧತಿಯನ್ನು ತಿದ್ದಿದ. ಅಲ್ಲಿಂದ ಮುಂದೆ ದೇಶದ ಹತ್ತಾರು ಟಂಕಸಾಲೆಗಳಲ್ಲೂ ಒಂದೇ ಮಾದರಿಯ ಪೆನ್ನಿ ಅಚ್ಚಾಗುತ್ತಿತ್ತು. ಒಂದು ಮುಖದಲ್ಲಿ ದೊರೆಯ ತಲೆ, ಇನ್ನೊಂದರಲ್ಲಿ ಅಚ್ಚು ಹಾಕಿದವನ ಹೆಸರು ಮತ್ತು ಊರು. ತೂಕ ಕಡಿಮೆಯಾದರೆ ಹೊಣೆ ಯಾರದೆಂದು ನಾಣ್ಯವೇ ಹೇಳುತ್ತಿತ್ತು. ಕೆಲವು ವರ್ಷಗಳಿಗೊಮ್ಮೆ ಹಳೆಯ ನಾಣ್ಯ ವಾಪಸು ಪಡೆದು ಹೊಸ ಮಾದರಿ ಹೊರಡಿಸುತ್ತಿದ್ದರು. ಪ್ರತಿ ಬದಲಾವಣೆಯಲ್ಲೂ ದೊರೆಗೆ ಲಾಭ. ಎಥೆಲ್‌ರೆಡ್ ಕಾಲದ ಪೆನ್ನಿಗಳು ಇಂಗ್ಲೆಂಡಿಗಿಂತ ಸ್ಕ್ಯಾಂಡಿನೇವಿಯದ ನೆಲದಲ್ಲೇ ಹೆಚ್ಚು ಸಿಕ್ಕಿವೆ. ಎರಡನೆಯ ಮಹಾಯುದ್ಧದ ನಂತರ ಮೈಕೆಲ್ ಡಾಲಿ ಮತ್ತು ಅವರ ಸಂಗಡಿಗರು ಆ ಸಂಗ್ರಹಗಳನ್ನು ಶೋಧಿಸಿ ಈ ವ್ಯವಸ್ಥೆಯ ಚೌಕಟ್ಟನ್ನು ಬಿಡಿಸಿಟ್ಟರು. ದಾಳಿಗಳ ನಡುವೆಯೂ ಟಂಕಸಾಲೆಗಳು ನಿಲ್ಲಲಿಲ್ಲ ಎಂಬುದೇ ಅದರ ಸಾರ.

ಡೇನರಿಗೆ ಸೋತು 1013ರಲ್ಲಿ ನಾರ್ಮಂಡಿಗೆ ಓಡಿಹೋದ ಎಥೆಲ್‌ರೆಡ್‌ನನ್ನು ಮರುವರ್ಷ ದೇಶದ ಹಿರಿಯರು ಮರಳಿ ಕರೆಸಿಕೊಂಡರು, ಮೊದಲಿಗಿಂತ ನ್ಯಾಯವಾಗಿ ಆಳಬೇಕೆಂಬ ಷರತ್ತಿನ ಮೇಲೆ. 1016ರ ಏಪ್ರಿಲ್ 23ರಂದು ಅವನು ಸತ್ತ. ಮಗ ಎಡ್ಮಂಡ್ ಐರನ್‌ಸೈಡ್ ಆರೇಳು ತಿಂಗಳು ವೀರಾವೇಶದಿಂದ ಹೋರಾಡಿ, ಅಕ್ಟೋಬರ್ 18ರಂದು ಅಸ್ಸಂಡೂನಿನಲ್ಲಿ ಎಡ್ರಿಕ್‌ನ ದ್ರೋಹದಿಂದ ಸೋತು, ನವೆಂಬರ್ 30ರಂದು ತೀರಿಕೊಂಡ. ಕ್ನೂಟ್ ಎಥೆಲ್‌ರೆಡ್‌ನ ವಿಧವೆ ಎಮ್ಮಾಳನ್ನು ಮದುವೆಯಾದ.

ಎಮ್ಮಾ ಬಹುಕಾಲ ಈ ಇತಿಹಾಸದ ಅಂಚಿನಲ್ಲಿದ್ದವಳು. ಇಬ್ಬರು ದೊರೆಗಳ ಹೆಂಡತಿ, ಇಬ್ಬರು ದೊರೆಗಳ ತಾಯಿ. ಪಾಲಿನ್ ಸ್ಟಾಫರ್ಡ್ 1997ರಲ್ಲಿ ಎಮ್ಮಾ ಮತ್ತು ಅವಳ ಸೊಸೆ ಈಡಿತ್ ಇಬ್ಬರನ್ನೂ ಸೇರಿಸಿ ಬರೆದ ಗ್ರಂಥದ ನಂತರ ಅವಳನ್ನು ಬಿಟ್ಟು ಈ ಕಾಲದ ರಾಜಕೀಯ ಬರೆಯುವುದು ಯಾರಿಗೂ ಸಾಧ್ಯವಾಗಿಲ್ಲ. 1041-42ರಲ್ಲಿ ಎಮ್ಮಾ ತನ್ನ ಸ್ತುತಿಗ್ರಂಥವನ್ನು ತಾನೇ ಬರೆಸಿದಳು. ಅದರಲ್ಲಿ ಎಥೆಲ್‌ರೆಡ್‌ನ ಹೆಸರೇ ಇಲ್ಲ. ಕ್ನೂಟ್‌ನಿಂದ ಹುಟ್ಟಿದ ಹಾರ್ತಕ್ನೂಟ್ ಆಗ ಪಟ್ಟದಲ್ಲಿದ್ದ, ಮೊದಲ ಗಂಡನ ನೆನಪು ಬೇಡವಾಗಿತ್ತು. ಈ ಗ್ರಂಥದ ಇನ್ನೊಂದು ಪ್ರತಿ 2008ರಲ್ಲಿ ಡೆವನ್ ಪ್ರಾಂತದಲ್ಲಿ ಬೆಳಕಿಗೆ ಬಂತು. ಹಾರ್ತಕ್ನೂಟ್ ಸತ್ತು ಎಥೆಲ್‌ರೆಡ್‌ನ ಮಗ ಎಡ್ವರ್ಡ್ ಪಟ್ಟವೇರಿದ ಮೇಲೆ ಅದರ ಮುಕ್ತಾಯವನ್ನು ಎಡ್ವರ್ಡ್‌ಗೆ ಒಪ್ಪುವಂತೆ ತಿದ್ದಿ ಬರೆಯಲಾಗಿತ್ತು.

ಎಡ್ವರ್ಡ್ 1042ರಿಂದ 1066ರ ಜನವರಿಯವರೆಗೆ ಆಳಿದ. 1161ರಲ್ಲಿ ಪೋಪ್ ಅವನನ್ನು ಸಂತನೆಂದು ಸಾರಿದ ಮೇಲೆ ದೊರೆ ಮರೆಯಾಗಿ ಸಂತನೊಬ್ಬನೇ ಉಳಿದ. ಫ್ರಾಂಕ್ ಬಾರ್ಲೋ 1970ರಲ್ಲಿ ಬರೆದ ಜೀವನಚರಿತ್ರೆ ಆ ಪ್ರಭಾವಳಿಯನ್ನು ಕಳಚಿ ಹುಷಾರಿನ ರಾಜಕಾರಣಿಯೊಬ್ಬನನ್ನು ತೋರಿಸಿತು. 2020ರಲ್ಲಿ ಟಾಮ್ ಲೈಸೆನ್ಸ್ ಇನ್ನೂ ಮುಂದೆ ಹೋಗಿ ಅವನನ್ನು ಸಮರ್ಥ ಆಡಳಿತಗಾರ ಎಂದರು. ನನಗೆ ಬಾರ್ಲೋ ಅವರ ಅಳತೆಯೇ ಸರಿ ಎನಿಸುತ್ತದೆ. ಗಾಡ್ವಿನ್ ಎಂಬ ಅರ್ಲ್‌ನ ಮಗಳನ್ನು ಮದುವೆಯಾಗಿ, 1051ರಲ್ಲಿ ಇಡೀ ಆ ಮನೆತನವನ್ನು ದೇಶದಿಂದ ಹೊರಗಟ್ಟಿ, ಮರುವರ್ಷವೇ ಅವರನ್ನು ಮರಳಿ ಒಪ್ಪಿಕೊಳ್ಳಬೇಕಾಗಿ ಬಂದ ದೊರೆ ಎಷ್ಟೇ ಜಾಣನಾದರೂ ಸ್ವತಂತ್ರನಾಗಿರಲಿಲ್ಲ. ರಾಬಿನ್ ಫ್ಲೆಮಿಂಗ್ 1991ರಲ್ಲಿ ಭೂದಾಖಲೆಗಳ ಲೆಕ್ಕ ಹಾಕಿ, ಎಡ್ವರ್ಡ್ ಸಾಯುವ ಹೊತ್ತಿಗೆ ಗಾಡ್ವಿನ್ ಮನೆತನದ ಆಸ್ತಿ ದೊರೆಯ ಆಸ್ತಿಯನ್ನೂ ಮೀರಿತ್ತು ಎಂದು ತೋರಿಸಿದರು. ಎಲ್ಲಕ್ಕಿಂತ ದೊಡ್ಡ ಕೊರತೆ, ಎಡ್ವರ್ಡ್‌ಗೆ ಮಕ್ಕಳಿರಲಿಲ್ಲ. ಹಂಗೇರಿಯಿಂದ ಕರೆಸಿದ ಎಡ್ಮಂಡ್ ಐರನ್‌ಸೈಡ್‌ನ ಮಗ 1057ರಲ್ಲಿ ಬಂದ ಕೂಡಲೇ ಸತ್ತ. ಉಳಿದವನು ಅವನ ಎಳೆಯ ಮಗ ಎಡ್ಗರ್.

ಎಡ್ವರ್ಡ್ ನಂತರ ಪಟ್ಟಕ್ಕೆ ಬಂದ ಗಾಡ್ವಿನ್‌ನ ಮಗ ಹೆರಾಲ್ಡ್ ಗಾಡ್ವಿನ್‌ಸನ್‌ನ ವಿಷಯದಲ್ಲಿ ಗೆದ್ದವರ ಸಾಕ್ಷ್ಯವೇ ರಾಶಿ ಬಿದ್ದಿದೆ. ಅವನು ವಿಲಿಯಂಗೆ ಪಟ್ಟದ ವಿಷಯದಲ್ಲಿ ಆಣೆಯಿಟ್ಟಿದ್ದ ಎನ್ನುವುದು ನಾರ್ಮನ್ ಪಕ್ಷದ ಮೂಲ ವಾದ. ಆಣೆ ನಡೆದದ್ದು ಎಲ್ಲಿ? ಚರಿತ್ರಕಾರ ವಿಲಿಯಂ ಆಫ್ ಪ್ವಾತಿಯೆ ಬೋನ್‌ವಿಲ್ ಎನ್ನುತ್ತಾನೆ, ನಾರ್ಮನ್ ಗೆಲುವಿನ ಕಥೆಯನ್ನು ಚಿತ್ರಿಸುವ ಬಾಯೋ ಕಸೂತಿಪಟ ಬಾಯೋ ಎನ್ನುತ್ತದೆ, ಇನ್ನೊಬ್ಬ ಚರಿತ್ರಕಾರ ಆರ್ಡೆರಿಕ್ ರೂಆನ್ ಎನ್ನುತ್ತಾನೆ. ಇಂಗ್ಲಿಷ್ ಕ್ರಾನಿಕಲ್ ಹೆರಾಲ್ಡ್ ನಾರ್ಮಂಡಿಗೆ ಹೋದ ಪ್ರಯಾಣದ ಬಗ್ಗೆ ಬಾಯಿಯನ್ನೇ ಬಿಡುವುದಿಲ್ಲ. ಅವನ ಸಾವಿನ ಚಿತ್ರವೂ ಹೀಗೆಯೇ. ಸುಮಾರು 70 ಮೀಟರ್ ಉದ್ದದ ಆ ಕಸೂತಿಪಟದಲ್ಲಿ ಕಣ್ಣಿಗೆ ಬಾಣ ಚುಚ್ಚಿಕೊಂಡ ಯೋಧನನ್ನು ಹೆರಾಲ್ಡ್ ಎಂದೇ ಎಲ್ಲರೂ ಗುರುತಿಸುತ್ತಾರೆ. 18ನೇ ಶತಮಾನದ ಮೊದಲ ಭಾಗದಲ್ಲಿ ಬರೆದುಕೊಂಡ ನಕಲಿನಲ್ಲಿ ಅದು ಬಾಣವಾಗಿ ಕಾಣುವುದಿಲ್ಲ. 19ನೇ ಶತಮಾನದ ನಕಲಿನಲ್ಲಿ ಬಾಣವಿದೆ. ನಡುವೆ ದುರಸ್ತಿಯ ಹೊಲಿಗೆಗಳು ಬಿದ್ದಿವೆ. 1986ರಲ್ಲಿ ಡೇವಿಡ್ ಬರ್ನ್‌ಸ್ಟೈನ್ ಪಕ್ಕದಲ್ಲಿ ಕುಸಿಯುತ್ತಿರುವ ಎರಡನೆಯ ಆಕೃತಿಯ ತಲೆಯ ಬಳಿಯೂ ಸೂಜಿರಂಧ್ರಗಳ ಸಾಲನ್ನು ತೋರಿಸಿದರು. ಇಬ್ಬರೂ ಹೆರಾಲ್ಡ್ ಆಗಿರಬಹುದೇ ಎಂಬ ಚರ್ಚೆ ಅಲ್ಲಿಂದ ಗಟ್ಟಿಯಾಯಿತು.

1066ರ ಸೋಲು ಇಂಗ್ಲೆಂಡಿನ ರಾಜಕೀಯಕ್ಕೆ ಇಂಧನವಾದ ಬಗೆ ಬೇರೆಯೇ ಅಧ್ಯಾಯ. 17ನೇ ಶತಮಾನದ ಅಂತರ್ಯುದ್ಧದ ಕಾಲದಲ್ಲಿ ಜೆರಾರ್ಡ್ ವಿನ್‌ಸ್ಟಾನ್ಲಿಯಂಥವರು ನಾರ್ಮನ್ ನೊಗ ಕಿತ್ತೊಗೆಯಿರಿ ಎಂದು ಬಡವರಿಗೆ ಕರೆಕೊಟ್ಟರು. 19ನೇ ಶತಮಾನದಲ್ಲಿ ಎಡ್ವರ್ಡ್ ಫ್ರೀಮನ್ 1867ರಿಂದ ಸಂಪುಟದ ಮೇಲೆ ಸಂಪುಟ ಬರೆದು ಹೆರಾಲ್ಡ್‌ನನ್ನು ರಾಷ್ಟ್ರವೀರನಾಗಿಸಿದರು. ಅವರ ವಿದ್ವತ್ತು ಅಪಾರ, ಅದರೊಳಗಿನ ಜನಾಂಗಶ್ರೇಷ್ಠತೆಯ ವಿಷವೂ ಅಷ್ಟೇ ನಿಜ. ಜೆ. ಎಚ್. ರೌಂಡ್ 1890ರ ದಶಕದಲ್ಲಿ ಅವರ ಮೇಲೆ ಮುಗಿಬಿದ್ದರು: ಸೈನಿಕ ಸೇವೆಗೆ ಪ್ರತಿಯಾಗಿ ಭೂಮಿ ಕೊಡುವ ಪದ್ಧತಿಯೇ ನಾರ್ಮನ್ನರು ತಂದದ್ದು, ಹಳೆಯ ಇಂಗ್ಲೆಂಡ್ ಕುಸಿಯಲು ಕಾದಿತ್ತು ಎಂದರು. ಮುಂದಿನ ಅರ್ಧ ಶತಮಾನ ಈ ಇಬ್ಬರ ನಡುವಿನ ಜಗ್ಗಾಟದಲ್ಲೇ ಕಳೆಯಿತು.

ಅದರಿಂದ ಹೊರಗೆ ದಾರಿ ತೋರಿಸಿದವರು ಆಕ್ಸ್‌ಫರ್ಡ್‌ನ ಜೇಮ್ಸ್ ಕ್ಯಾಂಪ್‌ಬೆಲ್. 1086ರ ಡೂಮ್ಸ್‌ಡೇ ಬುಕ್ 13,000ಕ್ಕೂ ಹೆಚ್ಚು ಊರುಗಳ ಭೂಮಿ, ಒಕ್ಕಲು, ಕಂದಾಯದ ವಿವರ ಕೊಡುತ್ತದೆ. ಅಷ್ಟು ಕಡಿಮೆ ಸಮಯದಲ್ಲಿ ಅದು ಸಾಧ್ಯವಾದದ್ದು ಹೇಗೆ? ಜಿಲ್ಲೆಗಳೂ ಅವುಗಳೊಳಗಿನ, ನಮ್ಮ ಹೋಬಳಿಗಳಂತಹ, ಹಂಡ್ರೆಡ್‌ಗಳೂ ಕಂದಾಯದ ಪಟ್ಟಿಗಳೂ ವಿಲಿಯಂ ಬರುವ ಮೊದಲೇ ಅಲ್ಲಿದ್ದವು. ಅವನು ಗೆದ್ದದ್ದು ಸುಸಜ್ಜಿತ ರಾಜ್ಯವನ್ನು. ಕ್ಯಾಂಪ್‌ಬೆಲ್ ವಾದ ಅತಿಯಾಯಿತು ಎನ್ನುವವರಿದ್ದಾರೆ. ಮೂಲ ಮಾತನ್ನು ಅಲ್ಲಗಳೆದವರು ಕಡಿಮೆ.

ಡೂಮ್ಸ್‌ಡೇ ಬುಕ್‌ನ ಇನ್ನೊಂದು ಗುಣವನ್ನು ಜಾರ್ಜ್ ಗಾರ್ನೆಟ್ 2007ರಲ್ಲಿ ವಿವರವಾಗಿ ಬಿಡಿಸಿಟ್ಟರು. ಅದು ಎಡ್ವರ್ಡ್ ದೊರೆಯ ಕಾಲದಲ್ಲಿ ಭೂಮಿ ಯಾರದು ಎಂದು ಕೇಳುತ್ತದೆ, ಈಗ ಯಾರದು ಎಂದು ಕೇಳುತ್ತದೆ. ಹೆರಾಲ್ಡ್ ಅಲ್ಲಿ ಸಾಮಾನ್ಯವಾಗಿ ಬರೀ ಅರ್ಲ್. ಅವನು ಆಳಿದ ಒಂಬತ್ತು ತಿಂಗಳು ದಾಖಲೆಯ ಪ್ರಕಾರ ನಡೆದೇ ಇಲ್ಲ. ನೆಲ ಮಾತ್ರ ಬೇರೆ ಹೇಳುತ್ತದೆ. 2019ರಲ್ಲಿ ಸಾಮರ್‌ಸೆಟ್‌ನ ಚ್ಯೂ ವ್ಯಾಲಿಯಲ್ಲಿ ಸಿಕ್ಕ 2,500ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳಲ್ಲಿ ಸುಮಾರು ಅರ್ಧದಷ್ಟು ಹೆರಾಲ್ಡ್‌ನವು, ಉಳಿದವುಗಳಲ್ಲಿ ಬಹುತೇಕ ವಿಲಿಯಂನವು. ಅದಕ್ಕೆ ಮೊದಲು ಗೊತ್ತಿದ್ದ ಹೆರಾಲ್ಡ್ ನಾಣ್ಯಗಳೆಲ್ಲವನ್ನೂ ಕೂಡಿಸಿದರೂ ಇಷ್ಟಾಗುತ್ತಿರಲಿಲ್ಲ. ಆ ಹೆರಾಲ್ಡ್ ನಾಣ್ಯಗಳ ಒಂದು ಮುಖದಲ್ಲಿ ಕಿರೀಟಧಾರಿಯಾದ ಅವನ ತಲೆ, ಇನ್ನೊಂದು ಮುಖದ ನಡುವೆ ಶಾಂತಿ ಎಂಬ ಅರ್ಥದ ಲ್ಯಾಟಿನ್ ಪದವಿದೆ. ಉತ್ತರದಲ್ಲಿ ನಾರ್ವೆಯ ದೊರೆಯನ್ನು ಸ್ಟ್ಯಾಂಫರ್ಡ್ ಬ್ರಿಜ್‌ನಲ್ಲಿ ಸೆಪ್ಟೆಂಬರ್ 25ರಂದು ಸೋಲಿಸಿ, ಹತ್ತೊಂಬತ್ತು ದಿನಗಳಲ್ಲಿ ದಕ್ಷಿಣದ ಹೇಸ್ಟಿಂಗ್ಸ್ ರಣರಂಗದಲ್ಲಿ ವಿಲಿಯಂಗೆ ಎದುರಾಗಿ ನಿಂತ ದೊರೆಯ ಟಂಕಸಾಲೆಗಳು ಆ ಅಲ್ಪಾವಧಿಯಲ್ಲಿ ದೇಶದುದ್ದಕ್ಕೂ ಕೆಲಸ ಮಾಡಿದ್ದವು.

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇದು. ಆಡಳಿತದಲ್ಲಿ ಆ ರಾಜ್ಯ ಬಲವಾಗಿತ್ತು, ಉತ್ತರಾಧಿಕಾರದಲ್ಲಿ ಸೋತಿತ್ತು. 978, 1016, 1035, 1042, 1066: ಯಾವ ಪಟ್ಟವೂ ತಕರಾರಿಲ್ಲದೆ ಕೈ ಬದಲಾಯಿಸಲಿಲ್ಲ. ಅಧಿಕಾರ ಒಂದೇ ಕಡೆ ಕೂಡಿದ್ದರಿಂದ ಕಿರೀಟ ಹಿಡಿದವನಿಗೆ ಕಂದಾಯ, ಟಂಕಸಾಲೆ, ನ್ಯಾಯಸ್ಥಾನ ಎಲ್ಲವೂ ಒಮ್ಮೆಲೇ ದಕ್ಕುತ್ತಿತ್ತು. ಹೇಸ್ಟಿಂಗ್ಸ್ ನಂತರ ಲಂಡನ್ನಿನಲ್ಲಿ ದೊರೆಯೆಂದು ಆರಿಸಿದ ಎಡ್ಗರ್ ಎರಡು ತಿಂಗಳೊಳಗೆ ಶರಣಾಗಿದ್ದಕ್ಕೆ ಅವನ ವಯಸ್ಸಿನಷ್ಟೇ ಈ ವ್ಯವಸ್ಥೆಯೂ ಕಾರಣ. 1086ರ ಹೊತ್ತಿಗೆ ದೊಡ್ಡ ಭೂಮಾಲೀಕರ ಸಾಲಿನಲ್ಲಿ ಉಳಿದ ಇಂಗ್ಲಿಷರು ಇಬ್ಬರೇ: ಆರ್ಡೆನ್‌ನ ಥರ್ಕಿಲ್, ಲಿಂಕನ್‌ನ ಕೋಲ್‌ಸ್ವೈನ್. 1016 ಮತ್ತು 1066ನ್ನು ಬೇರೆ ಬೇರೆ ಪುಸ್ತಕಗಳಲ್ಲಿ ಓದುವ ಅಭ್ಯಾಸವನ್ನು ಇನ್ನಾದರೂ ಬಿಡಬೇಕು. ಎಥೆಲ್‌ರೆಡ್‌ನ ದಾನಪತ್ರಗಳನ್ನು ಪಕ್ಕಕ್ಕಿಟ್ಟು ಹೇಸ್ಟಿಂಗ್ಸ್‌ನಿಂದ ಕಥೆ ಶುರುಮಾಡುವ ಯಾವ ಇತಿಹಾಸವೂ ಪೂರ್ಣವಲ್ಲ.